ಐದು ದಿನದ ಪುಡಿ

ಬೆಳಿಗ್ಗೆ ಏಳು ಗಂಟೆ. ಅಡುಗೆಮನೆ ಸಿಂಕಿನಲ್ಲಿ ಮೊಣಕೈವರೆಗೂ ನೊರೆ ಮಾಡಿಕೊಂಡು ಕೋಳಿಗಳ ನೀರಿನ ತಟ್ಟೆ ತೊಳೆಯುತ್ತಿದ್ದೆ. ಹಿಂದಿನ ವಾರ ಕೋಳಿಗಳನ್ನೆಲ್ಲ ಕಳಿಸಿಯಾಗಿತ್ತು. ಹೊಸ ಮರಿಗಳು ಬರುವುದರೊಳಗೆ ನಲವತ್ತೆಂಟು ಕೆಂಪು ತಟ್ಟೆಗಳನ್ನೂ ಉಜ್ಜಿ ಒಣಗಿಸಬೇಕು. ದಿನಕ್ಕೆ ಆರರಂತೆ ತೊಳೆಯುತ್ತಾ ಬಂದಿದ್ದೆ, ಅವತ್ತು ಕೊನೆಯ ಕಂತು. ನಾಲ್ಕನೇ ತಟ್ಟೆಯ ಅಂಚಿನ ಪಾಚಿಗೆ ಬ್ರಷ್ ಹಾಕಿದ್ದೆನಷ್ಟೇ, ಫೋನು ಬಡಿದುಕೊಂಡಿತು.

"ಅಮ್ಮಾ, ಡಾಕ್ಟರಮ್ಮ," ಎನ್ನುತ್ತಾ ಮಗಳು ಓಡಿ ಬಂದು ಫೋನನ್ನು ನನ್ನ ಕಿವಿಗೆ ಹಿಡಿದಳು.

"ಹುಡುಗ ಹೇಗಿದಾನೆ?"

"ರಾತ್ರಿ ಮೂರು ಸಲ ಹೋದ ಡಾಕ್ಟ್ರೇ. ಜ್ವರ ಇಳಿದಿಲ್ಲ. ಉಪ್ಪು ಸಕ್ಕರೆ ನೀರು ಮಾತ್ರ ಚಮಚದಲ್ಲಿ ಕುಡೀತಿದಾನೆ."

"ಒಳ್ಳೇದು, ಅದನ್ನ ನಿಲ್ಲಿಸಬೇಡಿ. ಲ್ಯಾಬಿಂದ ರಿಪೋರ್ಟ್ ಬಂತು. ನಾನು ಕೊಟ್ಟ ಔಷಧಿ ಅವನ ಹೊಟ್ಟೇಲಿರೋ ರೋಗಾಣುವಿನ ಕೂದಲೂ ಕೊಂಕಿಸಿಲ್ಲ. ಈಗಲೇ ಕರ್ಕೊಂಡು ಬನ್ನಿ. ಎರಡು ಮೂರು ದಿನ ಇರೋ ಹಾಗೆ ಬಟ್ಟೆ ತನ್ನಿ."

ಮೂರೂವರೆ ವರ್ಷದ ಮಗು ಗೋಡೆಯ ಆಚೆ ಮಲಗಿರುವಾಗ ಹೆದರಿ ನಿಲ್ಲಲು ಪುರುಸೊತ್ತೆಲ್ಲಿ? ಕೈ ಒರೆಸಿಕೊಂಡು ಚೀಲಕ್ಕೆ ಬಟ್ಟೆ ತುಂಬಿದೆ.

ಅವನನ್ನು ನಾವು ಮೂಟೆ ಎಂದು ಕರೆಯುವುದು. ಎತ್ತಿಕೊಳ್ಳದೆ ಒಂದು ಹೆಜ್ಜೆ ಇಡುವವನಲ್ಲ, ಎತ್ತಿಕೊಂಡರೆ ಇಳಿಯುವವನಲ್ಲ. ಅವತ್ತು ಎತ್ತಿದರೆ ಹತ್ತಿಯಷ್ಟು ಹಗುರವಾಗಿದ್ದ. ಐದು ದಿನದ ಭೇದಿ, ಎರಡು ಸಲ ರಕ್ತ. ಅವನ ಅಕ್ಕನಿಗೆ ಒಂಬತ್ತು ವರ್ಷ. ಅವಳು ಪ್ರಶ್ನೆಪತ್ರಿಕೆ. ಆ ಹೆಸರಿಟ್ಟವರು ನಮ್ಮತ್ತೆ. "ಕಣ್ಣು ಬಿಟ್ಟಾಗ ಶುರು, ಕಣ್ಣು ಮುಚ್ಚಿದರೂ ಕನಸಲ್ಲಿ ಕೇಳ್ತಾಳೆ," ಎನ್ನುತ್ತಾರೆ. ಮೀನಿಗೆ ಬಾಯಾರುತ್ತಾ, ಮೇಷ್ಟ್ರಿಗೆ ಯಾರು ಹೊಡೀತಾರೆ, ಅಜ್ಜಿ ಹಲ್ಲು ಬಿದ್ದ ಮೇಲೆ ಎಲ್ಲಿಗೆ ಹೋಯ್ತು. ತಮ್ಮ ಮಲಗಿದ ಮೇಲೆ ಅವಳ ಬಾಯಿಗೆ ಬೀಗ ಬಿದ್ದಿತ್ತು. ಬಾಗಿಲಲ್ಲಿ ನಿಂತು ನಮ್ಮನ್ನು ಬೀಳ್ಕೊಟ್ಟಾಗಲೂ ಏನೂ ಕೇಳಲಿಲ್ಲ.

"ಹೋಗಿ ಬನ್ನಿ, ಮನೆ ನಾನು ನೋಡ್ಕೋತೀನಿ," ಎಂದರು ಅತ್ತೆ. "ಏ ಮೂಟೆ, ಬೇಗ ಬಾರೋ. ನೀನಿಲ್ಲದೆ ನನ್ನ ಸೊಂಟಕ್ಕೆ ಕೆಲಸ ಇಲ್ಲ."

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮೊದಲು ಅವನ ಕೈಗೆ ಸೂಜಿ ಚುಚ್ಚಿ ಡ್ರಿಪ್ ಹಾಕಿಸಿದರು. ಅವನು ಅಳಲೂ ಇಲ್ಲ, ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾದದ್ದು. ಆಮೇಲೆ ನಮ್ಮನ್ನು, ಗಂಡ ಹೆಂಡತಿ ಇಬ್ಬರನ್ನೂ, ಕೂರಿಸಿಕೊಂಡು ಒಂದು ಹಾಳೆ ಬಿಡಿಸಿದರು. ಅವರು ಸಣ್ಣ ಆಳು, ದೊಡ್ಡ ಕನ್ನಡಕ, ಮಾತು ಸುತ್ತುಬಳಸಿಲ್ಲದೆ ನೇರ.

"ಇದರ ಹೆಸರು ಸಾಲ್ಮೊನೆಲ್ಲಾ. ಹೊಸದೇನಲ್ಲ. ಎಷ್ಟೋ ಸಲ ಔಷಧಿನೇ ಇಲ್ಲದೆ ಹೋಗುತ್ತೆ. ನಿಮ್ಮ ಹುಡುಗನಿಗೆ ಸ್ವಲ್ಪ ಗಟ್ಟಿಯಾಗಿ ಹಿಡ್ಕೊಂಡಿದೆ. ಈ ಪಟ್ಟೀಲಿ ಏಳು ಔಷಧಿ ಇದೆ. ಐದಕ್ಕೆ ಇದು ಜಪ್ಪಯ್ಯ ಅನ್ನಲ್ಲ. ಎರಡಕ್ಕೆ ಸಾಯುತ್ತೆ."

ನನ್ನ ಯಜಮಾನರು ಹಾಳೆಯನ್ನು ತಮ್ಮ ಕಡೆ ಎಳೆದುಕೊಂಡರು. "ಅದು ಹೇಗಾಗುತ್ತೆ ಡಾಕ್ಟ್ರೇ? ಈ ಐದು ಔಷಧೀನ ಅವನು ಹುಟ್ಟಿದಾಗಿಂದ ಕಣ್ಣಲ್ಲೂ ನೋಡಿಲ್ಲ."

"ಅವನು ನೋಡಿಲ್ಲ. ರೋಗಾಣು ನೋಡಿದೆ. ಬೇರೆ ಎಲ್ಲೋ ಇದ್ದಾಗ ತಿಂದು, ಅಭ್ಯಾಸ ಮಾಡ್ಕೊಂಡು ಬಂದಿದೆ."

"ಎರಡಿದೆಯಲ್ಲ," ಎಂದೆ ನಾನು. "ಒಬ್ಬ ಹುಡುಗನಿಗೆ ಒಂದು ಸಾಕು."

ಡಾಕ್ಟರಮ್ಮ ನನ್ನನ್ನೇ ನೋಡಿ ನಕ್ಕರು. "ಸಾಕು. ಅದೇ ಈಗ ಹೋಗ್ತಿರೋದು. ಇನ್ನೊಂದನ್ನ ಕೈಯಲ್ಲಿ ಇಟ್ಕೊಂಡಿರ್ತೀನಿ. ಮನೇಲಿ ಕೋಳಿ ಇದೆ ಅಲ್ವಾ?"

"ಮನೆ ಹಿಂದೆ ಶೆಡ್ಡು. ಸಲಕ್ಕೆ ಎರಡು ಸಾವಿರ ಸಾಕ್ತೀವಿ," ಎಂದರು ಇವರು. "ಆದ್ರೆ ನಮ್ಮ ಕೋಳಿಗೆ ಕಾಯಿಲೆ ಇರಲಿಲ್ಲ. ಒಂದೊಂದೂ ಪೈಲ್ವಾನ್ ಇದ್ದ ಹಾಗಿತ್ತು."

"ಇದು ಕೋಳಿ ಹೊಟ್ಟೇಲಿ ತೆಪ್ಪಗಿರುತ್ತೆ. ಅದಕ್ಕೇನೂ ಮಾಡಲ್ಲ. ಅವುಕ್ಕೆ ಏನು ಔಷಧಿ ಹಾಕ್ತೀರಿ?"

"ಔಷಧಿ ಏನೂ ಇಲ್ಲ. ಪುಡಿ ಅಷ್ಟೇ."

"ಏನು ಪುಡಿ?"

"ಮರಿ ಬಂದ ಮೊದಲ ಐದು ದಿನ ನೀರಿಗೆ ಬೆರೆಸಿ ಕೊಡೋದು. ಎಲ್ಲರೂ ಕೊಡ್ತಾರೆ."

ಇವರು ಸುಳ್ಳು ಹೇಳಲಿಲ್ಲ. ಹನ್ನೊಂದು ವರ್ಷದಿಂದ ನಮ್ಮ ಮನೆಯಲ್ಲಿ ಅದಕ್ಕೆ ಪುಡಿ ಎಂದೇ ಹೆಸರು. ಬಟ್ಟೆಗೆ ಸೋಪಿನ ಪುಡಿ, ಮರಿಗೆ ಐದು ದಿನದ ಪುಡಿ. ಮೇವು ತಂದು ಹಾಕುವವನೇ ಅದನ್ನೂ ತರುತ್ತಾನೆ. ಮಕ್ಕಳ ಬಾಯಲ್ಲಿ ಅವನು ಪುಡಿ ಮಾಮ. ಮರಿಗಳು ಪೆಟ್ಟಿಗೆಯಿಂದ ಇಳಿಯುತ್ತಿದ್ದ ಹಾಗೆ ಒಂದು ಬಕೆಟ್ಟಿಗೆ ಎರಡು ಚಮಚ. ಔಷಧಿ ಎಂಬ ಮಾತನ್ನು ನಾವು ಕಾಯಿಲೆ ಬಿದ್ದವರಿಗೆ ಇಟ್ಟುಕೊಂಡಿದ್ದೆವು.

"ಡಬ್ಬಿ ಮೇಲೆ ಏನು ಬರೆದಿದೆ?" ಎಂದರು ಡಾಕ್ಟರಮ್ಮ.

ಅದನ್ನು ಓದಿದವರು ನಮ್ಮಲ್ಲಿ ಯಾರೂ ಇಲ್ಲ. ಮನೆಗೆ ಫೋನು ಮಾಡಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟೆ. ಖಾಲಿ ಡಬ್ಬಿ ಬಿಸಾಡುವುದೆಂದರೆ ನಮ್ಮತ್ತೆಗೆ ಆಗದು. ಒಂದರಲ್ಲಿ ಮೊಳೆ, ಒಂದರಲ್ಲಿ ಗುಂಡಿ, ಒಂದರಲ್ಲಿ ಕಟ್ಟುವ ಹುರಿ. ಹಾಗಾಗಿ ಹಳೆಯ ಪುಡಿ ಡಬ್ಬಿಗಳೆಲ್ಲ ಶೆಡ್ಡಿನ ಕಪಾಟಿನಲ್ಲಿ ಸಾಲಾಗಿ ಇದ್ದವು.

"ಬೆಳಕಿಗೆ ಹಿಡ್ಕೊಂಡು ಓದೇ," ಎಂದು ಅತ್ತೆ ಹೇಳುವುದು ಕೇಳಿಸಿತು.

"ಉದ್ದ ಇದೆ ಡಾಕ್ಟ್ರೇ, ನನಗೆ ಬಾಯಿ ತಿರುಗಲ್ಲ," ಎಂದಳು ಮಗಳು.

"ಒಂದೊಂದೇ ಅಕ್ಷರ ಹೇಳು ಮರಿ. ನಾನು ಬರ್ಕೋತೀನಿ."

ಅವಳು ಹೇಳಿದಳು. ಡಾಕ್ಟರಮ್ಮ ಪಟ್ಟಿಯ ಎರಡನೇ ಹೆಸರಿಗೆ ಗೀಟು ಹಾಕಿದರು. ಮೊಳೆ ಡಬ್ಬಿ. ಇನ್ನೊಂದು ಹೇಳಿದಳು, ಐದನೇ ಹೆಸರಿಗೆ ಗೀಟು. ಗುಂಡಿ ಡಬ್ಬಿ. ಮೂರನೆಯದಕ್ಕೆ ಮೊದಲನೇ ಹೆಸರು, ಮೂರು ದಿನದಿಂದ ನಾನು ನನ್ನ ಮಗನಿಗೆ ಗಡಿಯಾರ ನೋಡಿ ಕುಡಿಸಿದ್ದ ಅದೇ ಔಷಧಿ.

"ಉಳಿದೆರಡು ಹೆಸರು ಇವುಗಳ ನೆಂಟರೇ," ಎಂದರು ಡಾಕ್ಟರಮ್ಮ. "ಇನ್ನೇನಾದ್ರೂ ಇದೆಯಾ ಮರಿ?"

"ಒಂದು ಹೊಸಾ ಡಬ್ಬಿ ಇದೆ. ಸೀಲ್ ಒಡೆದಿಲ್ಲ."

"ಹೋದ ವಾರ ಮೇವಿನವನು ಕೊಟ್ಟು ಹೋದ," ಎಂದರು ಇವರು. "ಬರೋ ಮರಿಗಳಿಗೆ. ಹಳೇದು ಈಚೆಗೆ ಅಷ್ಟು ಹಿಡೀತಿಲ್ಲವಂತೆ."

ಅವಳು ಅಕ್ಷರ ಅಕ್ಷರ ಓದಿದಳು. ಡಾಕ್ಟರಮ್ಮ ಈ ಸಲ ಗೀಟು ಹಾಕಲಿಲ್ಲ. ಪೆನ್ನನ್ನು ಮೇಜಿನ ಮೇಲಿಟ್ಟು, ಗಾಜಿನ ಬಾಗಿಲಾಚೆ ಮೂಟೆಯ ಮಂಚದ ಪಕ್ಕದಲ್ಲಿ ತೂಗುತ್ತಿದ್ದ ಡ್ರಿಪ್ ಬಾಟಲಿಯ ಕಡೆ ನೋಡಿದರು.

"ಅದರೊಳಗೆ ಇರೋದರ ತಂಗಿ ಇದು," ಎಂದರು. "ಇವತ್ತು ನಿಮ್ಮ ಶೆಡ್ಡಿಗೆ ತಂಗಿ ಬಂದ್ರೆ, ರೋಗಾಣು ಅದಕ್ಕೂ ಅಭ್ಯಾಸ ಆಗಿ, ನಾಳೆ ಆಸ್ಪತ್ರೇಲಿ ಅಕ್ಕನಿಗೆ ಕೆಲಸ ಇರಲ್ಲ. ಇವನಿಗೆ ಈ ಸಲ ಇದು ಸಿಕ್ತು. ಮುಂದಿನ ಸಲ ಯಾವ ಮಗು ಬಂದು ಮಲಗುತ್ತೋ."

ನಾನು ಫೋನು ಕಿವಿಗಿಟ್ಟುಕೊಂಡೆ. "ಜಾಣೆ ಕಣೇ. ಡಬ್ಬಿ ಇದ್ದಲ್ಲೇ ಇಟ್ಟು ಕೈ ತೊಳ್ಕೋ."

"ಅಮ್ಮಾ..."

"ಏನು ಪುಟ್ಟಾ?"

"ಏನಿಲ್ಲ," ಎಂದು ಇಟ್ಟುಬಿಟ್ಟಳು.

ಎರಡನೇ ದಿನ ಮಧ್ಯಾಹ್ನ ಜ್ವರ ಒಂದು ಡಿಗ್ರಿ ಇಳಿಯಿತು. ಸಂಜೆ ಮತ್ತೆ ಏರಿತು. ನಾನು ಲೆಕ್ಕವಿಲ್ಲದಷ್ಟು ಸಲ ಅವನ ಹಣೆಗೆ ನನ್ನ ಕೆನ್ನೆ ಇಟ್ಟು ನೋಡಿದೆ. ಮೂರನೇ ಬೆಳಿಗ್ಗೆ ಅವನು ಕಣ್ಣು ತೆರೆದು, ನರ್ಸ್ ಕೈಲಿದ್ದ ಬಿಸ್ಕತ್ತನ್ನು ನೋಡಿ, "ಅದು ಯಾರದು?" ಎಂದ. ನನಗೆ ಅಷ್ಟು ಸಾಕಾಯಿತು. ಇವರನ್ನು ಅವನ ಹತ್ತಿರ ಕೂರಿಸಿ, ಸ್ನಾನ ಮಾಡಿ ಬರಲು ಮನೆಗೆ ಹೊರಟೆ.

ಮನೆಯ ಮುಂದೆ ಲ್ಯಾಬಿನ ಹುಡುಗಿ ಕಾಯುತ್ತಿದ್ದಳು. ಹೆಗಲಿಗೊಂದು ತಣ್ಣನೆಯ ಪೆಟ್ಟಿಗೆ, ಕೈಗೆ ನೀಲಿ ಗ್ಲೌಸು. ಶೆಡ್ಡಿನಲ್ಲೂ ಮನೆಯಲ್ಲೂ ಅಲ್ಲಲ್ಲಿ ಹತ್ತಿಕಡ್ಡಿಯಿಂದ ಒರೆಸಿಕೊಂಡು ಹೋಗಬೇಕೆಂದಳು. ರೋಗಾಣು ಯಾವ ದಾರಿಯಲ್ಲಿ ಒಳಗೆ ಬಂತೆಂದು ನೋಡಬೇಕಂತೆ.

"ಬಾಮ್ಮ, ಎಲ್ಲಾ ನೋಡು," ಎಂದೆ. ನನಗೆ ಧೈರ್ಯವಿತ್ತು. ಶುಚಿತ್ವದಲ್ಲಿ ನನಗೆ ಸಮ ಯಾರೂ ಇಲ್ಲವೆಂದು ನನ್ನ ನಂಬಿಕೆ. ಶೆಡ್ಡಿಗೆ ಬೇರೆ ಬೂಟು, ಬೇರೆ ಅಂಗಿ. ಬಾಗಿಲಲ್ಲಿ ಸುಣ್ಣದ ನೀರಿನ ತೊಟ್ಟಿ, ಕಾಲದ್ದದೆ ಯಾರೂ ಒಳಗೆ ಬರುವಂತಿಲ್ಲ. ಹೊರಗಿನ ನಲ್ಲಿಯಲ್ಲಿ ಸೋಪು ಹಾಕಿ ಕೈ ತೊಳೆದೇ ಮನೆಯ ಮೆಟ್ಟಿಲು ಹತ್ತಬೇಕು. ನಮ್ಮತ್ತೆಗೂ ವಿನಾಯಿತಿ ಇಲ್ಲ. ಅವಳು ಒಂದೊಂದನ್ನೂ ಬರೆದುಕೊಂಡು, "ಎಷ್ಟೋ ಶೆಡ್ಡು ನೋಡಿದೀನಿ ಅಕ್ಕಾ, ಇಷ್ಟು ಚೊಕ್ಕ ಎಲ್ಲೂ ಇಲ್ಲ," ಎಂದಳು.

"ಇವಳ ಕೈಗೆ ಸಿಕ್ಕರೆ ಕೋಳಿಗೂ ಹಲ್ಲುಜ್ಜಿಸ್ತಾಳೆ," ಎಂದರು ಅತ್ತೆ.

ನಗುತ್ತಲೇ ಅಡುಗೆಮನೆಗೆ ಬಂದೆವು. ಅವಳ ನಗು ಸಿಂಕಿನ ಹತ್ತಿರ ನಿಂತಿತು.

"ಇವೇನು ಇಲ್ಲಿ?"

ಎರಡು ದಿನದ ಹಿಂದೆ ನಾನು ಬಿಟ್ಟುಹೋದ ಕೆಂಪು ತಟ್ಟೆಗಳು. ಮೂರು ಕವುಚಿ ಇಟ್ಟದ್ದು, ಒಂದು ಅರ್ಧ ಉಜ್ಜಿದ್ದು, ಎರಡು ಇನ್ನೂ ತೊಳೆಯದ್ದು. ಅವುಗಳ ಪಕ್ಕದಲ್ಲಿ, ಅದೇ ಜಾಲರಿಯ ಮೇಲೆ, ಮೂಟೆಯ ಹಳದಿ ಲೋಟ.

"ಕೋಳಿ ನೀರು ಕುಡಿಯೋ ತಟ್ಟೆ," ಎಂದೆ. "ಹೊರಗಿನ ನಲ್ಲೀಲಿ ತಣ್ಣೀರು ಮಾತ್ರ ಬರೋದು. ಅದರಲ್ಲಿ ಜಿಡ್ಡು ಹೋಗಲ್ಲ. ಅದಕ್ಕೆ ಇಲ್ಲಿ ಬಿಸಿನೀರಲ್ಲಿ..."

ಹೇಳುತ್ತಿದ್ದ ಹಾಗೇ ನನಗೇ ಅರ್ಥವಾಯಿತು. ಬೇರೆಯವರು ತಣ್ಣೀರು ಎರಚಿ ಬಿಡುತ್ತಾರೆ. ನಾನು ಮಾತ್ರ, ಇನ್ನೂ ಚೆನ್ನಾಗಿ ತೊಳೆಯಬೇಕೆಂದು, ಎಂಟು ದಿನ ಅವುಗಳನ್ನು ಎದೆಗಪ್ಪಿಕೊಂಡು ಬೂಟು, ಸುಣ್ಣದ ತೊಟ್ಟಿ, ಸೋಪು ಎಲ್ಲವನ್ನೂ ದಾಟಿಸಿ ನನ್ನ ಅಡುಗೆಮನೆಗೆ ತಂದಿದ್ದೆ. ಆ ಸಿಂಕಿನಲ್ಲೇ ಸೌತೆಕಾಯಿ ತೊಳೆದಿದ್ದೆ. ಮೂಟೆಗೆ ಸೌತೆಕಾಯಿ ಎಂದರೆ ಪ್ರಾಣ.

ಲ್ಯಾಬಿನ ಹುಡುಗಿ ಮೆಲ್ಲಗೆ ಹತ್ತಿಕಡ್ಡಿಯನ್ನು ಸಿಂಕಿನ ತೂತಿನ ಸುತ್ತ ತಿರುಗಿಸಿ ಕೊಳವೆಗೆ ಹಾಕಿ ಮುಚ್ಚಿದಳು. "ಹಿಂದಿನ ಕೋಳಿಗಳು ಎಲ್ಲಿ ಹೋದ್ವು ಅಕ್ಕಾ?"

"ಪೇಟೆಗೆ. ಎರಡು ಸಾವಿರಾನೂ."

ಅದನ್ನೂ ಬರೆದುಕೊಂಡಳು. "ಅಂಗಡಿಯವರಿಗೆ ತಿಳಿಸ್ತೀವಿ. ಚೆನ್ನಾಗಿ ಬೇಯಿಸಿದರೆ ಇದು ಉಳಿಯಲ್ಲ. ಹಸಿ ಕೋಳಿ ಮುಟ್ಟಿದ ಕೈ, ಚಾಕು, ಹಲಗೆ, ಸಿಂಕು, ಇವುಗಳಲ್ಲೇ ಬರೋದು." ಹೋಗುವಾಗ ನನ್ನ ಮೊಣಕೈ ಮುಟ್ಟಿದಳು. "ನಿಮ್ಮ ತಪ್ಪಿನಿಂದ ರೋಗಾಣು ಮನೆಗೆ ಬಂದಿರಬಹುದು. ಅದಕ್ಕೆ ಔಷಧಿ ನಾಟದ ಹಾಗೆ ಆಗಿದ್ದು ತಟ್ಟೆ ತೊಳೆದಿದ್ದರಿಂದ ಅಲ್ಲ."

ಅವಳು ಹೋದ ಮೇಲೆ ಅತ್ತೆ ತಟ್ಟೆಗಳನ್ನು ಕೋಲಿನಲ್ಲಿ ಎತ್ತಿ ಹೊರಗೆ ಹಾಕಿದರು. ಬಯ್ಯುತ್ತಾರೆಂದುಕೊಂಡೆ. "ಕೂತ್ಕೊಂಡು ಅಳಬೇಕಾದ್ರೆ ಈಗಲೇ ಅತ್ತುಬಿಡು," ಎಂದರು, "ಸಿಂಕು ನಾನು ಉಜ್ಜುತೀನಿ. ಆಸ್ಪತ್ರೇಲಿ ಅವನ ಮುಂದೆ ಮೂಗು ಕೆಂಪು ಮಾಡ್ಕೊಂಡು ಕೂತ್ಕೋಬೇಡ." ನಾನು ಎರಡು ನಿಮಿಷ ಅತ್ತುಕೊಂಡೆ. ಆಮೇಲೆ ಬ್ಲೀಚಿಂಗ್ ಪುಡಿ ತೆಗೆದುಕೊಂಡು ನಾನೇ ಉಜ್ಜಿದೆ.

ಮಗಳು ಬಾಗಿಲಿಗೆ ಒರಗಿ ಎಲ್ಲವನ್ನೂ ನೋಡುತ್ತಿದ್ದಳು. ಅವಳ ತುಟಿ ಅಲುಗಿ ಮುಚ್ಚಿತು. ನನಗೆ ಹೊಳೆಯಿತು. ಭೇದಿ ಶುರುವಾಗುವ ಹಿಂದಿನ ದಿನ ಜಾಲರಿಯಿಂದ ಸೌತೆಕಾಯಿ ತೆಗೆದು ತಮ್ಮನ ಕೈಗೆ ಕೊಟ್ಟವಳು ಅವಳು. ಕೈ ಒರೆಸಿಕೊಂಡು ಅವಳ ಎದುರು ಕುಕ್ಕರುಗಾಲಲ್ಲಿ ಕೂತೆ.

"ನೋಡು ಕಂದಾ, ಸೌತೆಕಾಯಿ ಕೊಟ್ಟಿದ್ದು ನೀನಾದ್ರೂ ತೊಳೆದಿಟ್ಟಿದ್ದು ನಾನು. ಇದರಲ್ಲಿ ನಿಂದು ಒಂದು ಕೂದಲಷ್ಟೂ ತಪ್ಪಿಲ್ಲ. ಅದನ್ನೇ ತಾನೇ ಕೇಳಬೇಕು ಅಂತಿರೋದು?"

"ಅದಲ್ಲಮ್ಮ," ಎಂದಳು, ನನ್ನ ತಲೆಗೂದಲನ್ನು ಕಿವಿಯ ಹಿಂದಕ್ಕೆ ಸರಿಸುತ್ತಾ. "ಅದು ನನಗೆ ಗೊತ್ತು."

"ಮತ್ತೇನು?"

"ಇನ್ನೂ ಸರಿಯಾಗಿ ಬಂದಿಲ್ಲ."

ನಾನು ಒತ್ತಾಯಿಸಲಿಲ್ಲ. ಬಾಣಲೆಯ ಕೆಳಗೆ ಉರಿ ಜೋರು ಮಾಡಿದರೆ ತಳ ಹಿಡಿಯುತ್ತದೆಯೇ ಹೊರತು ಬೇಯುವುದಿಲ್ಲ, ಮಕ್ಕಳ ಮಾತೂ ಹಾಗೆಯೇ.

ಆರನೇ ದಿನ ಮೂಟೆ ಮನೆಗೆ ಬಂದ. ಆಟೋದಿಂದ ಇಳಿಯಲೂ ಇಲ್ಲ, ಅಜ್ಜಿಯ ಸೊಂಟಕ್ಕೇ ಹಾರಿದ. ಪೂರ್ತಿ ಗೆದ್ದೆವೆಂದು ಹೇಳುವಂತಿರಲಿಲ್ಲ. ಇನ್ನೂ ಕೆಲವು ವಾರ ಅವನ ಹೊಟ್ಟೆಯಲ್ಲಿ ಅದು ಉಳಿದಿರಬಹುದು, ಮತ್ತೆ ಜ್ವರ ಬಂದರೆ ಕೂಡಲೇ ತನ್ನಿ ಎಂದಿದ್ದರು ಡಾಕ್ಟರಮ್ಮ. ಬಂದರೆ ಕೊಡಲು ಅದೇ ಎರಡು ಔಷಧಿ. ಸಿಂಕಿನಲ್ಲೂ ತಟ್ಟೆಯಲ್ಲೂ ಶೆಡ್ಡಿನ ಮೂಲೆಯಲ್ಲೂ ಸಿಕ್ಕಿದ್ದು ಅವನ ಹೊಟ್ಟೆಯದೇ ಜಾತಿಯ ರೋಗಾಣು ಎಂದು ಲ್ಯಾಬಿನಿಂದ ತಿಳಿಸಿದರು.

ಶೆಡ್ಡಿನ ಹಿಂದೆ ಒಂದು ತೊಟ್ಟಿ ಕಟ್ಟಿಸಿ ಬಿಸಿನೀರಿನ ಕೊಳವೆ ಎಳೆಸಿದೆವು. ಕೋಳಿಯ ಸಾಮಾನು ಇನ್ನು ಮೆಟ್ಟಿಲು ಹತ್ತುವಂತಿಲ್ಲ. ನೆಲ ಕೆರೆದು, ತೊಳೆದು, ಸುಣ್ಣ ಬಳಿದು, ಎರಡು ವಾರ ಬಿಸಿಲು ಗಾಳಿಗೆ ಬಿಟ್ಟೆವು. ಪಶುವೈದ್ಯರು ಬಂದು ನೋಡಿ, "ಮರಿಗಳಿಗೆ ಬೆಚ್ಚಗಿನ ಜಾಗ, ಒಣ ಹೊಟ್ಟು, ಶುದ್ಧ ನೀರು ಕೊಡಿ. ಕಾಯಿಲೆ ಕಂಡರೆ ನನ್ನನ್ನು ಕರೀರಿ. ಪರೀಕ್ಷೆ ಮಾಡಿ ಆಮೇಲೆ ಔಷಧಿ," ಎಂದು ಹೇಳಿ ಹೋದರು. ಇವರು ತಲೆಯಾಡಿಸಿದರು. ಆದರೆ ಆ ಹೊಸ ಡಬ್ಬಿಯನ್ನು ವಾಪಸ್ ಕೊಡಿ ಎಂದು ನಾನು ಹೇಳಿದಾಗಲೆಲ್ಲ, "ಕೊಡೋಣ ಕೊಡೋಣ," ಎನ್ನುತ್ತಿದ್ದರು. ಹನ್ನೊಂದು ವರ್ಷದ ಅಭ್ಯಾಸ. ಒಂದು ಸಲವೂ ಪುಡಿ ಹಾಕದೆ ಮರಿ ಸಾಕಿದವರಲ್ಲ.

ಮರಿಗಳು ಒಂದು ಬೆಳಿಗ್ಗೆ ಬಂದವು. ತೂತಿನ ಪೆಟ್ಟಿಗೆಗಳ ತುಂಬ ಚಿಂವ್‌ಚಿಂವ್. ಬಲ್ಬುಗಳ ಕೆಳಗೆ ಹಾಸಿದ ಹೊಟ್ಟಿನ ಮೇಲೆ ಬಿಟ್ಟದ್ದೇ ತಡ, ಬೀಜ ಚೆಲ್ಲಿದ ಹಾಗೆ ಹರಡಿದವು. ಮಗಳು ಬೂಟು ಹಾಕಿಕೊಂಡು ತಡೆಯ ಹಲಗೆಯ ಪಕ್ಕದಲ್ಲಿ ಕೂತಳು, ಕೈ ಬೆನ್ನ ಹಿಂದೆ ಕಟ್ಟಿ. ಮುಟ್ಟಬಾರದೆಂದು ನಾನು ಹೇಳಿದ್ದೆ.

ಪುಡಿ ಮಾಮ ಮೇವಿನ ಚೀಲ ಇಳಿಸಿ, ಸುಣ್ಣದ ನೀರಿನಲ್ಲಿ ಕಾಲದ್ದಿ ಒಳಗೆ ಬಂದ. ಒಳ್ಳೆಯವನೇ. ಮೂಟೆಗೆಂದು ಒಂದು ಬಣ್ಣದ ಚೆಂಡು ತಂದಿದ್ದ.

"ಮರಿ ಭರ್ಜರಿಯಾಗಿವೆ ಅಣ್ಣಾ. ನೀರು ರೆಡಿನಾ? ಡಬ್ಬಿ ತೆಗೀರಿ, ಬೆರೆಸಿಕೊಟ್ಟೇ ಹೋಗ್ತೀನಿ."

"ಈ ಸಲ ಬೇಡ ಅಂತ ಮಾತಾಗಿದೆ," ಎಂದೆ ನಾನು.

"ಅಕ್ಕಾ, ಮಗೂಗೆ ಹಾಗಾಯ್ತು, ನಿಮಗೆ ಬೇಜಾರು, ಒಪ್ತೀನಿ. ಆದ್ರೆ ಮೊದಲ ಐದು ದಿನ ಅಂದ್ರೆ ಹುಡುಗಾಟ ಅಲ್ಲ. ಒಂದಕ್ಕೆ ಹತ್ತಿದ್ರೆ ಬೆಳಗಾಗೋದರಲ್ಲಿ ಇನ್ನೂರು ಮಲಗ್ತವೆ. ಈ ಸಾಲಿನ ಶೆಡ್ಡುಗಳಲ್ಲಿ ಯಾರು ಕೊಡಲ್ಲ ಹೇಳಿ? ನೀವೊಬ್ಬರು ನಿಲ್ಲಿಸಿದ್ರೆ ಏನಾಗುತ್ತೆ?"

"ನಮ್ಮ ಶೆಡ್ಡಲ್ಲಿ ನಿಲ್ಲುತ್ತೆ," ಎಂದೆ.

ಅವನು ಇವರ ಕಡೆ ತಿರುಗಿದ. "ನೀವೇ ಹೇಳಿ ಅಣ್ಣಾ."

ಇವರು ಮರಿಗಳನ್ನು ನೋಡಿದರು, ನನ್ನನ್ನು ನೋಡಿದರು. "ಇದೊಂದು ಸಲ," ಎಂದರು, ನೆಲ ನೋಡುತ್ತಾ. "ಅರ್ಧ ಚಮಚ ಹಾಕಿ, ಮುಂದಿನ ಸಲದಿಂದ ಪೂರ್ತಿ ನಿಲ್ಲಿಸೋಣ ಕಣೇ."

"ರೀ, ಆ ಬಾಟಲಿ ನೋಡ್ತಾ ಆಸ್ಪತ್ರೇಲಿ ಐದು ದಿನ ಕೂತಿದ್ರಿ."

"ಗೊತ್ತು. ಇವು ಸತ್ತರೆ?"

ಕಪಾಟು ತೆಗೆದರು. ಡಬ್ಬಿ ಹೊರಗೆ ಬಂತು. ಹೆಬ್ಬೆರಳು ಸೀಲಿನ ಅಂಚಿಗೆ ಹೋಯಿತು. ನಾನು ಎರಡು ಹೆಜ್ಜೆ ಮುಂದಿಟ್ಟು ಬಾಯಿ ತೆರೆದೆ. ಅಷ್ಟರಲ್ಲಿ ಮಗಳು ಎದ್ದು ನಿಂತಳು. ಬೂಟಿನ ಮೇಲೆ ಹೊಟ್ಟು, ಕೈ ಇನ್ನೂ ಬೆನ್ನ ಹಿಂದೆ. ತುಟಿ ಅಲುಗಿತು. ಈ ಸಲ ಅದು ಮುಚ್ಚುವುದಿಲ್ಲವೆಂದು ಯಾಕೋ ನನಗೆ ಖಾತ್ರಿಯಾಯಿತು. ತೆರೆದ ಬಾಯನ್ನು ನಾನೇ ಮುಚ್ಚಿಕೊಂಡೆ.

ಮರಿಗಳು ಮೇವಿನ ತಟ್ಟೆಗೆ ಹತ್ತಿ ಇಳಿದು ಹತ್ತುತ್ತಿದ್ದವು. ಅವಳು ಎಲ್ಲವನ್ನೂ, ಈ ತುದಿಯಿಂದ ಆ ತುದಿಯವರೆಗೆ, ಇನ್ನೊಮ್ಮೆ ನಿಧಾನವಾಗಿ ನೋಡಿದಳು. ಆಮೇಲೆ ಅಪ್ಪನ ಕೈಯಲ್ಲಿದ್ದ ಡಬ್ಬಿಯನ್ನು ನೋಡಿದಳು.

"ಅಪ್ಪಾ, ಬೆಳಗಿಂದ ಹುಡುಕ್ತಾ ಇದೀನಿ. ಇದರಲ್ಲಿ ಹುಷಾರಿಲ್ಲದ ಮರಿ ಯಾವುದು?"